ಕೊನೆಯ ಸಾಲಿಗೂ ಕೇಳಲೆಂದು

ಜಕ್ಕೂರಿನ ಮಕ್ಕಳಿಗೆ ತಲೆಯೆತ್ತಿ ಆಕಾಶ ನೋಡುವುದು ಹಳೆಯ ಅಭ್ಯಾಸ. 1948ರಲ್ಲಿ ಇಲ್ಲಿ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. ಅಂದಿನಿಂದ ಈ ಊರಿನ ಹೆಸರಿನ ಜೊತೆ ವಿಮಾನದ ಹೆಸರೂ ಸೇರಿಕೊಂಡಿದೆ. ಇಲ್ಲಿಂದ ಮೇಲೇರಿದ ಪುಟ್ಟ ವಿಮಾನವೊಂದು ಹೆಬ್ಬಾಳದ ಕೆರೆ ದಾಟಿ, ಸ್ಯಾಂಕಿ ಕೆರೆಯನ್ನು ಬದಿಗಿಟ್ಟು ವೈಯಾಲಿಕಾವಲ್‌ ಮೇಲೆ ಹಾದುಹೋಗುವುದನ್ನು ಊಹಿಸಿಕೊಳ್ಳಿ. ಕೆಳಗೆ ಮನೆಗಳು ಮತ್ತು ಮರಗಳ ನಡುವೆ ಯಾರೋ ದೈತ್ಯನೊಬ್ಬ ನುಡಿಸಿ ಮಲಗಿಸಿಟ್ಟು ಹೋದ ಪಿಟೀಲೊಂದು ಕಾಣುತ್ತದೆ. ಅದಕ್ಕೆ ಒಡಲಿದೆ, ಕುದುರೆಯಿದೆ, ತಂತಿಗಳಿವೆ, ಬಿರಡೆಗಳಿವೆ, ಪಕ್ಕದಲ್ಲಿ ಕಮಾನೂ ಇದೆ.

ಅದೇ ಚೌಡಯ್ಯ ಸ್ಮಾರಕ ಭವನ. 1980ರ ನವೆಂಬರ್ 14ರಂದು ತೆರೆದ ಈ ಸಭಾಂಗಣದ ಪೂರ್ಣ ಆಕಾರ ರಸ್ತೆಯಲ್ಲಿ ನಿಂತವರ ಕಣ್ಣಿಗೆ ಒಮ್ಮೆಗೇ ಸಿಗುವುದಿಲ್ಲ. ಅದಕ್ಕೆ ಎತ್ತರಕ್ಕೆ ಹೋಗಬೇಕು, ಇಲ್ಲವೇ ಈಗಿನ ಮಕ್ಕಳು ಮಾಡುವಂತೆ ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಹುಡುಕಬೇಕು. ಶಾಲಾ ವಾರ್ಷಿಕೋತ್ಸವದಲ್ಲಿ ಈ ವೇದಿಕೆಯನ್ನು ಹತ್ತಿಳಿದ ಮಕ್ಕಳು ಬೆಂಗಳೂರಿನಲ್ಲಿ ಸಾವಿರಾರು ಮಂದಿ. ಆದರೆ ಈ ಚೌಡಯ್ಯ ಯಾರು, ಕಟ್ಟಡಕ್ಕೆ ಈ ಆಕಾರವೇಕೆ, ಅದರ ಮೇಲೆ ನಾಲ್ಕರ ಬದಲು ಏಳು ತಂತಿಗಳೇಕೆ ಎಂದು ಕೇಳಿದರೆ ಉತ್ತರಿಸುವವರು ಕಡಿಮೆ. ಆ ಏಳು ತಂತಿಗಳ ಕಥೆಯಲ್ಲಿ ಇತಿಹಾಸವೂ ಇದೆ, ಭೌತಶಾಸ್ತ್ರವೂ ಇದೆ.

ದಾರಿಯೇ ಒಂದು ಪಾಠ

ಜಕ್ಕೂರಿನಿಂದ ಭವನಕ್ಕೆ ಹೆಚ್ಚೆಂದರೆ ಹನ್ನೆರಡು ಕಿಲೋಮೀಟರು. ಬಳ್ಳಾರಿ ರಸ್ತೆಗೆ ಬಂದು ದಕ್ಷಿಣಕ್ಕೆ ತಿರುಗಿದರೆ ಒಂದು ಕಡೆ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದ ಹಸಿರು, ಮುಂದೆ ಹೆಬ್ಬಾಳದ ಕೆರೆ, ಮೇಲ್ಸೇತುವೆ, ಆಮೇಲೆ ಮೇಖ್ರಿ ವೃತ್ತ. ಬೆಳಗ್ಗೆ, ಸಂಜೆ ಈ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ವಾಹನಗಳ ಸಾಲು ಬಿಟ್ಟು ಬೇರೇನೂ ಕಾಣದಿರಬಹುದು. ಸಂಗೀತ ಕೇಳಲು ಹೊರಟವರಿಗೆ ಮಾತ್ರ ಮೇಖ್ರಿ ವೃತ್ತದ ಎರಡೂ ಬದಿಯಲ್ಲಿ ಎರಡು ಪಾಠಗಳು ಕಾದಿವೆ.

ಒಂದು ಬದಿಗೆ, ಸಿ.ವಿ. ರಾಮನ್ ಹೆಸರಿನ ರಸ್ತೆಯಲ್ಲಿ, ರಾಮನ್ ಸಂಶೋಧನಾ ಸಂಸ್ಥೆ ಇದೆ. ಜಕ್ಕೂರಿನ ವೈಮಾನಿಕ ಶಾಲೆಯಂತೆ ಇದರ ಹುಟ್ಟೂ 1948ರದು. ರಾಮನ್ ಎಂದರೆ ಬೆಳಕು, ನೊಬೆಲ್ ಬಹುಮಾನ ಎಂದು ಪಠ್ಯಪುಸ್ತಕ ಕಲಿಸುತ್ತದೆ. ಬೆಳಕಿಗಿಂತ ಮೊದಲು ಅವರ ಮನಸ್ಸು ಹಿಡಿದಿದ್ದು ನಾದ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಲ್ಕತ್ತದಲ್ಲಿದ್ದಾಗ ಪಿಟೀಲಿನ ತಂತಿ ಕಮಾನಿನ ಕೆಳಗೆ ಹೇಗೆ ಕಂಪಿಸುತ್ತದೆ ಎಂಬುದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1918ರಲ್ಲಿ ಅದರ ಮೇಲೆ ಒಂದು ಪ್ರೌಢ ಗ್ರಂಥವನ್ನೇ ಪ್ರಕಟಿಸಿದರು. ಮನುಷ್ಯನ ಕೈಯ ಏರಿಳಿತ ಲೆಕ್ಕವನ್ನು ಕೆಡಿಸಬಾರದೆಂದು, ಯಂತ್ರದಿಂದ ಪಿಟೀಲು ನುಡಿಸುವ ಸಾಧನವನ್ನೂ ಮಾಡಿದರು. ಮೃದಂಗದ ಬಲಭಾಗದ ಚರ್ಮದ ನಡುವೆ ಹಾಕುವ ಕಪ್ಪು ಕರಣೆಯಿಂದಲೇ ಆ ವಾದ್ಯಕ್ಕೆ ಶ್ರುತಿಬದ್ಧ ನಾದ ಬರುತ್ತದೆ ಎಂದು ವೈಜ್ಞಾನಿಕವಾಗಿ ತೋರಿಸಿದವರೂ ಅವರೇ. 1970ರಲ್ಲಿ ರಾಮನ್ ಕಣ್ಮುಚ್ಚಿದರು. ಹತ್ತು ವರ್ಷದ ಬಳಿಕ ಅವರ ಸಂಸ್ಥೆಯಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಪಿಟೀಲಿನ ಆಕಾರದ ಕಟ್ಟಡ ಎದ್ದಿತು. ಇದು ಕೇವಲ ಕಾಕತಾಳೀಯ. ಆದರೆ ವಿದ್ಯಾರ್ಥಿಗಳು ನೆನಪಿಡಲು ಒಳ್ಳೆಯ ಕಾಕತಾಳೀಯ.

ಮೇಖ್ರಿ ವೃತ್ತದ ಇನ್ನೊಂದು ಬದಿಗೆ ಅರಮನೆ ಮೈದಾನ. 2007ರ ಮಾರ್ಚಿನಲ್ಲಿ ಇಂಗ್ಲೆಂಡಿನ 'ಐರನ್ ಮೇಡನ್' ತಂಡ ಇಲ್ಲಿ ಹಾಡಿದಾಗ ದೇಶದ ಮೂಲೆಮೂಲೆಗಳಿಂದ ಯುವಕರು ಬಂದಿದ್ದರು. ಬಯಲಿನಲ್ಲಿ ಹಾಡುವವರಿಗೆ ದೊಡ್ಡ ದೊಡ್ಡ ಧ್ವನಿವರ್ಧಕಗಳು ಬೇಕೇ ಬೇಕು. ಗೋಡೆಯಿಲ್ಲ, ಸೂರಿಲ್ಲ, ಹೊರಟ ಧ್ವನಿಯನ್ನು ಹಿಂದಿರುಗಿಸುವವರಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ. ದೀಪದ ಬೆಳಕಿಗೆ ಅನ್ವಯಿಸುವ ವಿಲೋಮ ವರ್ಗದ ನಿಯಮವೇ ಇದು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಸಾವಿರ ಜನರ ಮುಂದೆ ಕುಳಿತ ಕಲಾವಿದನ ಕಷ್ಟ ಎಷ್ಟಿತ್ತು ಎಂಬುದು ಈ ನಿಯಮದಿಂದಲೇ ತಿಳಿಯುತ್ತದೆ. ಚೌಡಯ್ಯನವರ ಕಥೆ ಆರಂಭವಾಗುವುದೂ ಆ ಕಷ್ಟದಿಂದಲೇ.

ಸಂಗಮದ ಊರಿನ ಹುಡುಗ

ಮೈಸೂರು ಜಿಲ್ಲೆಯಲ್ಲಿ ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಕಡೆ ತಿರುಮಕೂಡಲು ಇದೆ. ಅದರ ಎದುರಿನ ದಡದ ಊರು ನರಸೀಪುರ. ಇವೆರಡಕ್ಕೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆ ಎಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. ಈ ಊರಿನಲ್ಲಿ 1895ರಲ್ಲಿ ಚೌಡಯ್ಯ ಹುಟ್ಟಿದರು. ಮುಂದೆ ತಾವು ರಚಿಸಿದ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ 'ತ್ರಿಮಕುಟ'. ಊರನ್ನು ಅವರು ಮರೆಯಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹುಡುಗನಿಗೆ ಸಿಕ್ಕ ಗುರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ಕೃಷ್ಣಪ್ಪನವರು ಅರಮನೆಯ ವಿದ್ವಾಂಸರು, ಕಂಚಿನ ಕಂಠದ ಗಾಯಕರು, ಶಿಸ್ತಿನಲ್ಲಿ ಕಠಿಣ. ಮೈಸೂರಿನಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಆ ನಗರದ ಸಂಗೀತದ ಇತಿಹಾಸದಲ್ಲಿ ಒಂದು ತೀರ್ಥಕ್ಷೇತ್ರದಂತೆ. ಗುರುಕುಲದ ರೀತಿಯಲ್ಲಿ ವರ್ಷಗಟ್ಟಲೆ ಅವರ ಬಳಿ ಕಲಿತ ಚೌಡಯ್ಯ ಮೊದಲು ಗುರುಗಳಿಗೇ ಪಕ್ಕವಾದ್ಯ ನುಡಿಸಿದರು. ಆನಂತರ ಚೆಂಬೈ ವೈದ್ಯನಾಥ ಭಾಗವತರ್, ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮುಂತಾದ ಹಿರಿಯ ಗಾಯಕರ ವೇದಿಕೆಗಳಲ್ಲಿ ಅವರ ಪಿಟೀಲು ಕೇಳಿಸಿತು. ಕನ್ನಡ ನಾಡಿನ ಪಿಟೀಲಿಗೆ ದಕ್ಷಿಣ ಭಾರತದಲ್ಲೆಲ್ಲ ಮರ್ಯಾದೆ ತಂದುಕೊಟ್ಟವರು ಅವರು. 1943ರಲ್ಲಿ 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನೂ ತಯಾರಿಸಿದರು. ಚೆಂಬೈ ಅವರ ಗಾಯನ, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ, ಚೌಡಯ್ಯನವರ ಪಿಟೀಲು ಇರುವ ಆ ಚಿತ್ರದ ಕಛೇರಿಯ ತುಣುಕನ್ನು ಸಂಗೀತಪ್ರಿಯರು ಇಂದಿಗೂ ಹುಡುಕಿ ನೋಡುತ್ತಾರೆ. 1957ರಲ್ಲಿ ಮದ್ರಾಸು ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಅವರಿಗೆ ಬಂದಿತು. 1967ರ ಜನವರಿ 19ರಂದು ತೀರಿಕೊಂಡರು.

ಏಳು ತಂತಿಯ ಲೆಕ್ಕ

ಪಿಟೀಲು ಯುರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ನೆಲದ ಮೇಲೆ ಕುಳಿತು, ಪಿಟೀಲಿನ ತಲೆಯನ್ನು ಪಾದದ ಗಂಟಿಗೆ ಆನಿಸಿ, ನಾಲ್ಕು ತಂತಿಗಳನ್ನು ಷಡ್ಜ–ಪಂಚಮಗಳಿಗೆ ಶ್ರುತಿ ಮಾಡಿ ನುಡಿಸುವುದು ಇಲ್ಲಿಯ ಪದ್ಧತಿ. ಮದುವೆ ಮನೆಯ ಹಜಾರದಲ್ಲಿ, ದೇವಸ್ಥಾನದ ಮುಖಮಂಟಪದಲ್ಲಿ ಇಷ್ಟು ಸಾಕಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸಭೆಗಳು ಬೆಳೆದವು, ಟಿಕೆಟು ಕೊಂಡು ಬರುವ ಶ್ರೋತೃಗಳು ಹೆಚ್ಚಿದರು, ಚಪ್ಪರಗಳು ಉದ್ದವಾದವು. ಮುಂದಿನ ಸಾಲಿನವರು ತಲೆದೂಗುತ್ತಿದ್ದರೆ, ಹಿಂದಿನ ಸಾಲಿನವರು ಕಮಾನು ಆಡುವುದನ್ನು ನೋಡಿಯೇ ತೃಪ್ತಿಪಡಬೇಕಾಗಿತ್ತು. ಗಾಯಕರ ದೊಡ್ಡ ಕಂಠದ ಪಕ್ಕದಲ್ಲಿ ಪಿಟೀಲಿನ ದನಿ ಸೊರಗುತ್ತಿತ್ತು.

1920ರ ದಶಕದ ಉತ್ತರಾರ್ಧದಲ್ಲಿ ಚೌಡಯ್ಯ ಇದಕ್ಕೊಂದು ಉಪಾಯ ಹುಡುಕಿದರು. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಸೇರಿಸಿದರು. ಜೊತೆ ತಂತಿಯ ಶ್ರುತಿ ಮೂಲ ತಂತಿಗಿಂತ ಒಂದು ಸ್ಥಾಯಿ ಬೇರೆ. ಹೀಗೆ ತಂತಿಗಳು ಏಳಾದವು. ಒಂದೇ ಬೆರಳು ಜೋಡಿ ತಂತಿಯನ್ನು ಒಟ್ಟಿಗೆ ಒತ್ತುತ್ತದೆ, ಒಂದೇ ಕಮಾನು ಎರಡನ್ನೂ ಒಟ್ಟಿಗೆ ನುಡಿಸುತ್ತದೆ.

ಎರಡು ತಂತಿ ನುಡಿದರೆ ಧ್ವನಿ ಎರಡು ಪಟ್ಟು ಕೇಳುತ್ತದೆಯೇ? ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ಧ್ವನಿಶಕ್ತಿ ಎರಡು ಪಟ್ಟಾದರೆ ಮಾಪನದಲ್ಲಿ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸಣ್ಣ ಏರಿಕೆ. ಇಲ್ಲಿಯ ಗುಟ್ಟು ಸ್ಥಾಯಿಯಲ್ಲಿದೆ. ಒಂದು ತಂತಿ ಸೆಕೆಂಡಿಗೆ 200 ಬಾರಿ ಕಂಪಿಸುತ್ತಿದೆ ಎನ್ನೋಣ. ಅದರಿಂದ 200 ಮಾತ್ರವಲ್ಲದೆ 400, 600, 800 ಹೀಗೆ ಮೇಲುಮೇಲಿನ ಉಪಸ್ವರಗಳೂ ಹೊರಡುತ್ತವೆ. ಜೊತೆ ತಂತಿ 400ಕ್ಕೆ ಶ್ರುತಿಯಾಗಿದ್ದರೆ ಅದರಿಂದ 400, 800, 1200 ಹೊರಡುತ್ತವೆ. ಅಂದರೆ ಹೊಸ ತಂತಿಯ ಸ್ವರಗಳೆಲ್ಲ ಹಳೆಯ ತಂತಿಯ ಉಪಸ್ವರಗಳ ಮೇಲೆಯೇ ಹೋಗಿ ಕೂರುತ್ತವೆ. ಎರಡು ನಾದ ಬೇರೆಬೇರೆಯಾಗಿ ಕೇಳದೆ ಒಂದೇ ತುಂಬು ನಾದವಾಗುತ್ತದೆ. ಮನುಷ್ಯನ ಕಿವಿ ತೀರ ತಗ್ಗಿನ ಸ್ವರಗಳಿಗಿಂತ 2000ದಿಂದ 5000 ಹರ್ಟ್ಸ್‌ವರೆಗಿನ ಸ್ವರಗಳಿಗೆ ಹೆಚ್ಚು ಸೂಕ್ಷ್ಮ. ಉಪಸ್ವರಗಳು ಬಲಗೊಂಡಷ್ಟೂ ವಾದ್ಯದ ದನಿ ಗದ್ದಲದ ನಡುವೆಯೂ ಎದ್ದು ಕೇಳುತ್ತದೆ.

ಉಪಾಯ ಚೆನ್ನಾಗಿದ್ದರೂ ಅದರ ಬೆಲೆ ಕಡಿಮೆಯಲ್ಲ. ಜೊತೆ ತಂತಿ 400ರ ಬದಲು 403ಕ್ಕೆ ಸರಿದರೆ ಸಾಕು, ಸೆಕೆಂಡಿಗೆ ಮೂರು ಬಾರಿ ನಾದ ಏರಿ ಇಳಿದು ಅಲೆಯುತ್ತದೆ. ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಎರಡು ಶ್ರುತಿಕವೆಗಳಿಂದ ಕೇಳುವ ವಿಸ್ಪಂದನ ಅದೇ. ಗಮಕ ಪ್ರಧಾನವಾದ ಸಂಗೀತದಲ್ಲಿ ಬೆರಳು ತಂತಿಯ ಮೇಲೆ ಜಾರುತ್ತಲೇ ಇರಬೇಕು. ಆ ಜಾರುವಿಕೆಯುದ್ದಕ್ಕೂ ಎರಡು ತಂತಿಗಳ ಅಂತರ ಕೆಡದಂತೆ ಕಾಯಬೇಕು. ಕಮಾನಿನ ಒತ್ತಡವೂ ಹೆಚ್ಚು ಬೇಕು. ಇಷ್ಟು ಕಷ್ಟವನ್ನು ಚೌಡಯ್ಯ ಮೈಮೇಲೆ ಎಳೆದುಕೊಂಡದ್ದು ಮುಂದಿನ ಸಾಲಿನ ರಸಿಕರಿಗಾಗಿ ಅಲ್ಲ. ಅವರಿಗೆ ನಾಲ್ಕು ತಂತಿಯೇ ಧಾರಾಳವಾಗಿ ಕೇಳುತ್ತಿತ್ತು. ಕೊನೆಯ ಸಾಲಿನಲ್ಲಿ, ಬಹುಶಃ ಎಲ್ಲರಿಗಿಂತ ಕಡಿಮೆ ದರದ ಟಿಕೆಟಿನಲ್ಲಿ ಕುಳಿತವನಿಗಾಗಿ.

ಬಳಿಕ ಮೈಕು ಬಂದಿತು. ಕೊನೆಯ ಸಾಲಿನ ಸಮಸ್ಯೆಯನ್ನು ವಿದ್ಯುತ್ತು ಬಗೆಹರಿಸಿತು. ಇಂದಿನ ಕಛೇರಿಗಳಲ್ಲಿ ನಾಲ್ಕು ತಂತಿಯ ಪಿಟೀಲೇ ಸಾಮಾನ್ಯ. ಏಳು ತಂತಿಯದು ಅಪರೂಪದ ನೆನಪಾಗಿದೆ. ಆ ನೆನಪನ್ನು ಎಲ್ಲರಿಗೂ ಕಾಣುವಂತೆ ಹಿಡಿದಿಟ್ಟಿರುವುದು ವೈಯಾಲಿಕಾವಲ್‌ನ ಈ ಕಟ್ಟಡ.

ಕಾಂಕ್ರೀಟಿನ ಪಿಟೀಲು

ಭವನ ಕಟ್ಟಿಸುವ ಕನಸು ಕಂಡು ಅದರ ಬೆನ್ನು ಹತ್ತಿದವರು ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಯ ಸ್ಥಾಪಕ ಕೆ.ಕೆ. ಮೂರ್ತಿ. ಕಲಾವಿದರ ಸ್ಮಾರಕವೆಂದರೆ ವೃತ್ತದಲ್ಲೊಂದು ಪ್ರತಿಮೆ, ರಸ್ತೆಗೊಂದು ಹೆಸರು ಎಂಬುದು ಸಾಮಾನ್ಯ ರೂಢಿ. ಚೌಡಯ್ಯನವರ ಹೆಸರಿನ ರಸ್ತೆಯೂ ಬೆಂಗಳೂರಿನಲ್ಲಿದೆ. ಜವಾಹರಲಾಲ್ ನೆಹರೂ ತಾರಾಲಯಕ್ಕೆ ಗ್ರಹ, ನಕ್ಷತ್ರ ನೋಡಲು ಹೋದ ವಿದ್ಯಾರ್ಥಿಗಳು ಅರಿವಿಲ್ಲದೆಯೇ ಆ ರಸ್ತೆಯಲ್ಲಿ ನಡೆದಿರುತ್ತಾರೆ. ಮೂರ್ತಿಯವರ ಯೋಚನೆ ಇದಕ್ಕಿಂತ ಮುಂದೆ ಹೋಯಿತು. ವಿದ್ವಾಂಸರ ನೆನಪಿಗೆ ಸಭಾಂಗಣವನ್ನೇ ಕಟ್ಟುವುದು, ಅದೂ ಅವರು ನುಡಿಸಿದ ಏಳು ತಂತಿಯ ಪಿಟೀಲಿನ ಆಕಾರದಲ್ಲೇ ಕಟ್ಟುವುದು. ಮಲ್ಲೇಶ್ವರ ಮತ್ತು ವೈಯಾಲಿಕಾವಲ್‌ಗೆ ಸೇರಿದಂತಿರುವ ಗಾಯತ್ರಿದೇವಿ ಪಾರ್ಕ್ ಬಡಾವಣೆಯಲ್ಲಿ ಕಟ್ಟಡ ಎದ್ದಿತು. ಒಳಗೆ ಸಾವಿರಕ್ಕೂ ಮಿಕ್ಕಿ ಆಸನಗಳಿವೆ. ಸಂಗೀತವಲ್ಲದೆ ನಾಟಕ, ನೃತ್ಯ, ಉಪನ್ಯಾಸ, ಶಾಲೆಗಳ ಸಮಾರಂಭ ಎಲ್ಲಕ್ಕೂ ಇದು ವೇದಿಕೆಯಾಗಿದೆ.

ಇಲ್ಲಿ ಚುರುಕು ವಿದ್ಯಾರ್ಥಿಯೊಬ್ಬ ಪ್ರಶ್ನೆ ಎತ್ತಬಹುದು. ಕಟ್ಟಡ ಪಿಟೀಲಿನಂತಿರುವುದರಿಂದ ಒಳಗಿನ ಸಂಗೀತಕ್ಕೆ ಪಿಟೀಲಿನ ನಾದ ಬರುತ್ತದೆಯೇ? ಇಲ್ಲ. ಪಿಟೀಲಿನ ತಂತಿಗೆ ಒಂದರಲ್ಲೇ ಹೆಚ್ಚು ಗಾಳಿಯನ್ನು ಅಲುಗಿಸುವ ಶಕ್ತಿಯಿಲ್ಲ. ಕುದುರೆಯ ಮೂಲಕ ಕಂಪನ ತೆಳ್ಳನೆಯ ಮರದ ಹಲಗೆಗೆ ಇಳಿದು, ಹಲಗೆಯೂ ಒಡಲಿನೊಳಗಿನ ಗಾಳಿಯೂ ಕಂಪಿಸಿದಾಗಲೇ ನಾದ ಹೊರಬರುವುದು. ಕಾಂಕ್ರೀಟಿನ ಗೋಡೆ ಹಾಗೆ ಕಂಪಿಸುವುದಿಲ್ಲ. ಆಕಾರ ಗೌರವದ ಸೂಚಕ, ನಾದದ ಕಾರಣವಲ್ಲ. ಒಳಗೆ ಚೆನ್ನಾಗಿ ಕೇಳಬೇಕಾದರೆ ಅದರ ಲೆಕ್ಕವೇ ಬೇರೆ.

ಸಭಾಂಗಣವೂ ಒಂದು ವಾದ್ಯ

ಆ ಲೆಕ್ಕವನ್ನು ಮೊದಲು ಹಾಕಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಯುವ ಅಧ್ಯಾಪಕ ವಾಲೆಸ್ ಸಬೀನ್. ಅವನು ಕೆಲಸ ಆರಂಭಿಸಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ ಚೌಡಯ್ಯ ಹುಟ್ಟಿದ ವರ್ಷ. ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತ, ಒಂದು ಪದದ ಮೇಲೆ ಇನ್ನೊಂದು ಪದ ಬಿದ್ದು, ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಸಬೀನ್ ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊತ್ತು ತರಿಸಿ, ಒಂದೊಂದಾಗಿ ಹರಡುತ್ತ, ಧ್ವನಿ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ರಾತ್ರಿಗಳಲ್ಲಿ ಅಳೆದ. ಕೊಠಡಿ ದೊಡ್ಡದಾದಷ್ಟೂ ಧ್ವನಿ ಹೆಚ್ಚು ಹೊತ್ತು ಉಳಿಯುತ್ತದೆ. ಧ್ವನಿ ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಅಡಗುತ್ತದೆ. ಈ ಸರಳ ಸಂಬಂಧವೇ ಇಂದಿಗೂ ಸಭಾಂಗಣ ಕಟ್ಟುವವರಿಗೆ ಮೊದಲ ಪಾಠ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಆ ಲೆಕ್ಕದ ಮೊದಲ ಫಲ.

ಅನುರಣನ ಪೂರ್ತಿ ಇಲ್ಲದಿದ್ದರೆ ಸಂಗೀತ ಒಣಕಲು. ಅತಿಯಾದರೆ ಕಲಸುಮೇಲೋಗರ. ದೊಡ್ಡ ವಾದ್ಯವೃಂದಕ್ಕೆ ಎರಡು ಸೆಕೆಂಡಿನ ಆಸುಪಾಸು ಒಪ್ಪುತ್ತದೆ. ಮಾತಿಗೆ ಒಂದು ಸೆಕೆಂಡಿನ ಸುತ್ತಮುತ್ತ ಸಾಕು. ಸಾಹಿತ್ಯದ ಅಕ್ಷರವೂ ಸ್ಪಷ್ಟವಾಗಬೇಕು, ತಂಬೂರಿಯ ಶ್ರುತಿಯೂ ತುಂಬಿರಬೇಕು ಎನ್ನುವ ಕರ್ನಾಟಕ ಸಂಗೀತಕ್ಕೆ ಇವೆರಡರ ನಡುವಿನ ಹದ ಬೇಕು. ಈ ಹದದಲ್ಲಿ ಶ್ರೋತೃವಿಗೂ ಪಾಲಿದೆ. ಮನುಷ್ಯನ ದೇಹ, ಉಟ್ಟ ಬಟ್ಟೆ ಧ್ವನಿಯನ್ನು ಹೀರುತ್ತವೆ. ಖಾಲಿ ಸಭಾಂಗಣದಲ್ಲಿ ಕೇಳುವ ನಾದವೇ ಬೇರೆ, ತುಂಬಿದ ಸಭಾಂಗಣದಲ್ಲಿ ಕೇಳುವ ನಾದವೇ ಬೇರೆ. ಜನ ಬಂದು ಕುಳಿತರೆ ಕಲಾವಿದರಿಗೆ ಉತ್ಸಾಹ ಮಾತ್ರವಲ್ಲ, ನಾದವೇ ಬದಲಾಗುತ್ತದೆ ಎಂಬುದು ಬರಿಯ ಭಾವುಕತೆಯಲ್ಲ, ಭೌತಶಾಸ್ತ್ರ.

ನಗರದ ಹಳೆಯ ಸಂಗೀತ ನೆಲೆಗಳು

ಬೆಂಗಳೂರಿನ ಸಂಗೀತಕ್ಕೆ ಚೌಡಯ್ಯ ಭವನ ಮೊದಲ ಮನೆಯಲ್ಲ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಛೇರಿಗಳನ್ನು ನಡೆಸಿಕೊಂಡು ಬಂದಿದೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಚಾಮರಾಜಪೇಟೆಯಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಕೋಟೆ ಪ್ರೌಢಶಾಲೆಯ ಮೈದಾನವನ್ನು ದೇಶಕ್ಕೇ ಪರಿಚಯಿಸಿತು. ಬೇಸಿಗೆಯ ಸಂಜೆ, ಚಪ್ಪರ, ಪಾನಕ, ಕೋಸಂಬರಿ, ಮಧ್ಯದಲ್ಲಿ ಒಂದು ಮಳೆ. ಹಲವು ಕುಟುಂಬಗಳ ಸಂಗೀತದ ಮೊದಲ ನೆನಪೇ ಇದು. ರವೀಂದ್ರನಾಥ ಠಾಕೂರರ ಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ಬಂದಿತು.

ಇವೆಲ್ಲ ಇರುವುದು ನಗರದ ದಕ್ಷಿಣದಲ್ಲಿ ಅಥವಾ ನಡುಭಾಗದಲ್ಲಿ. ಉತ್ತರದವರಿಗೆ ಹತ್ತಿರದ ದೊಡ್ಡ ಸಂಗೀತ ಮಂದಿರವೆಂದರೆ ಚೌಡಯ್ಯ ಭವನವೇ. ಅದು ಎದ್ದಾಗ ಜಕ್ಕೂರು ನಗರದಿಂದ ಹೊರಗಿನ ಹಳ್ಳಿ. ಇಂದು ಯಲಹಂಕ, ಜಕ್ಕೂರು, ಥಣಿಸಂದ್ರದ ಸುತ್ತ ಸಾಲುಸಾಲು ಬಹುಮಹಡಿ ವಸತಿಗಳು. ಊರು ಬೆಳೆದಿದೆ, ಸಭಾಂಗಣಗಳು ಹಳೆಯ ಜಾಗದಲ್ಲೇ ಉಳಿದಿವೆ.

ಈಗ ಕೊನೆಯ ಸಾಲು ಯಾವುದು?

ಸಂಜೆ ಆರು, ಆರೂವರೆಗೆ ಕಛೇರಿ ಆರಂಭವೆಂದರೆ ಜಕ್ಕೂರಿನ ಮನೆಯಿಂದ ನಾಲ್ಕೂವರೆಗೇ ಹೊರಡಬೇಕು. ಹೆಬ್ಬಾಳ ದಾಟುವುದು ಯಾರ ಕೈಯಲ್ಲೂ ಇಲ್ಲ. ಮಗುವಿಗೆ ಮನೆಪಾಠ, ಮರುದಿನ ಕಿರುಪರೀಕ್ಷೆ. ಹೀಗೆ ಒಂದು ಸಂಜೆ ಮುಂದಕ್ಕೆ ಹೋಗಿ, ತಿಂಗಳು ಹೋಗಿ, ಮಗು ಎಸ್ಸೆಸ್ಸೆಲ್ಸಿಗೆ ಬರುತ್ತದೆ. ಅಲ್ಲಿಗೆ ಹಲವು ಮನೆಗಳಲ್ಲಿ ಸಂಗೀತದ ಪಾಠವೇ ನಿಂತುಹೋಗುತ್ತದೆ. ಸರಳೆ, ಜಂಟಿ, ಗೀತೆ ದಾಟಿ ವರ್ಣಕ್ಕೆ ಬಂದ ಮಗುವಿನ ಪಿಟೀಲು ಬೀರುವಿನ ಮೇಲೇರಿ ಕೂರುತ್ತದೆ. 'ಪರೀಕ್ಷೆ ಮುಗಿಯಲಿ, ಆಮೇಲೆ' ಎಂದು ಹೇಳುವ ತಂದೆತಾಯಿ ಕೆಟ್ಟವರಲ್ಲ. ಅವರ ಭಯ ನಿಜವಾದದ್ದೇ. ಆದರೆ ಎರಡು ವರ್ಷ ಶ್ರುತಿ ಮಾಡದೆ ಬಿಟ್ಟ ತಂತಿಯನ್ನು ಮತ್ತೆ ಬಿಗಿಯಲು ಕೂರುವ ಮಕ್ಕಳು ಎಷ್ಟು ಮಂದಿ?

ತಂದೆತಾಯಂದಿರು ಯೋಚಿಸಬೇಕಾದ ಮಾತೊಂದಿದೆ. ಪ್ರೌಢಶಾಲೆಯ ವಿಜ್ಞಾನದಲ್ಲಿ ಮಗು ಓದುವ ಕಂಪನ, ಆವೃತ್ತಿ, ಪ್ರತಿಧ್ವನಿ, ಅನುರಣನ ಎಂಬ ಪದಗಳೆಲ್ಲ ಚೌಡಯ್ಯ ಭವನದ ಒಂದು ಸಂಜೆಯಲ್ಲಿ ಕಿವಿಗೆ ಸಿಗುತ್ತವೆ. ಕಛೇರಿಗೆ ಮೊದಲು ಶ್ರುತಿ ಕೂಡಿಸುವಾಗ ಎರಡು ನಾದಗಳ ಅಲೆದಾಟ ಮೆಲ್ಲಮೆಲ್ಲನೆ ನಿಧಾನವಾಗಿ, ಕೊನೆಗೆ ನಿಂತು ಒಂದಾಗುವುದನ್ನು ಒಮ್ಮೆ ಕೇಳಿದ ಮಗುವಿಗೆ ವಿಸ್ಪಂದನದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ವಿಜ್ಞಾನ ಬೇಕೋ ಸಂಗೀತ ಬೇಕೋ ಎಂಬ ಪ್ರಶ್ನೆ ರಾಮನ್ ಅವರ ಮನಸ್ಸಿನಲ್ಲಿ ಇರಲಿಲ್ಲ. ಪಿಟೀಲನ್ನು ಪ್ರಯೋಗಾಲಯಕ್ಕೆ ಒಯ್ದವರು ಅವರು. ಪ್ರಯೋಗಾಲಯಕ್ಕೆ ಹೋಗದೆಯೂ ಪಿಟೀಲಿನ ಮೇಲೆಯೇ ಪ್ರಯೋಗ ಮಾಡಿದವರು ಚೌಡಯ್ಯ.

ಹೋಗುವ ಕುಟುಂಬಗಳು ಸ್ವಲ್ಪ ಮುಂಚೆ ಹೊರಟು ಕಟ್ಟಡವನ್ನು ಹೊರಗಿನಿಂದ ಒಮ್ಮೆ ಸುತ್ತಿ ನೋಡಬೇಕು. ತಂತಿಗಳನ್ನು ಮಕ್ಕಳೇ ಎಣಿಸಲಿ. ಸಮಯವಿದ್ದರೆ 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯ ಏರಿಯ ಮೇಲೂ ಸ್ವಲ್ಪ ನಡೆಯಬಹುದು. ಒಳಗೆ ಹೋದಮೇಲೆ ಸಾಧ್ಯವಾದರೆ ಮೊದಲರ್ಧ ಮುಂದಿನ ಸಾಲಿನಲ್ಲಿ, ಉಳಿದರ್ಧ ಕೊನೆಯ ಸಾಲಿನಲ್ಲಿ ಕುಳಿತು ಕೇಳಿ ಹೋಲಿಸಬೇಕು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಮೂವತ್ತನಾಲ್ಕು ಮೀಟರು ಹಿಂದೆ ಕುಳಿತವನಿಗೆ ಸ್ವರ ತಲುಪುವುದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ.

ತರಗತಿಯಲ್ಲೂ ಒಂದು ಕೊನೆಯ ಬೆಂಚು ಇರುತ್ತದೆ, ನಗರಕ್ಕೂ ಒಂದು ಕೊನೆಯ ಬಡಾವಣೆ ಇರುತ್ತದೆ. ಅಲ್ಲಿ ಕುಳಿತವರಿಗೂ ಕೇಳಬೇಕು ಎಂದು ಒಬ್ಬ ಕಲಾವಿದ ನಾಲ್ಕು ತಂತಿಯ ಸುಲಭವನ್ನು ಬಿಟ್ಟು ಏಳು ತಂತಿಯ ಕಷ್ಟವನ್ನು ಆರಿಸಿಕೊಂಡ. ಅವನ ಪಾಲಿನ ಕೆಲಸ ಮುಗಿದಿದೆ. ಜಕ್ಕೂರಿನಿಂದ ಹನ್ನೆರಡು ಕಿಲೋಮೀಟರು ಹೋಗಿ ಕುಳಿತುಕೊಳ್ಳುವ ಕೆಲಸ ಕೇಳುವವರದು.